ಅವ್ವ ವಿಡಿಯೋ ಎಡಿಟ್ ಮಾಡಿದ್ಲು

ದೋಸ್ತರೇ, "ಏನಲೇ ಇದು, ನನ್ನ ಹಣಿ ಮ್ಯಾಲೆ ಇಂಗ್ಲಿಷ್ ಬರ್ದಾರ?" ಅಂತ ಅವ್ವ ಇವತ್ತು ಮುಂಜಾನಿ ಜಗಳ ತೆಗೆದ್ಲು. ಸಿರುಗುಪ್ಪದಾಗ ಇವತ್ತೇ ಟೀಚರಾಗಿ ಸೇರಿದ ತಂಗಿಗೆ ಕಳ್ಸಾಕ, ನಮ್ಮ ಕುರುಗೋಡಿನ ಓಣಿಯವರೆಲ್ಲ ಹರಸಿದ ವಿಡಿಯೋ ಜೋಡಿಸ್ತಿದ್ದೆ. ಪುಕ್ಕಟೆ ಆ್ಯಪು ತನ್ನ ಹೆಸರನ್ನ ಸರಿಯಾಗಿ ಅವ್ವನ ಹಣಿಗೇ ಅಂಟಿಸಿತ್ತು.

"ತಿಂಗಳಾ ರೊಕ್ಕ ಕಟ್ಟಿದ್ರ ಹೋಗ್ತೈತಿ ಬೇ."

"ನನ್ನ ಹಣಿಗೆ ನಾನು ಬಾಡಿಗಿ ಕೊಡ್ಲೇನು?"

ಕೊನಿಗೆ ಹೆಸರು ಅಂಟಿಸದ ಇನ್ನೊಂದು ಪುಕ್ಕಟೆ ಆ್ಯಪ್ ಸಿಕ್ತು. ಅದೆಷ್ಟು ಸುಲಭ ಅಂದ್ರ, ನಾನು ಚಾ ಕುಡಿದು ಬರೋದ್ರಾಗ ಅವ್ವನೇ ವಿಡಿಯೋ ಮುಗಿಸಿ ಕಳಿಸಿದ್ಲು.

ತಂಗಿ ಖುಷಿಲೆ ಫೋನ್ ಮಾಡಿದ್ಲು. "ಭಾಳ ಚಂದ ಐತಿ ಅಣ್ಣಾ! ಆದ್ರ ನೀನೇ ಇಲ್ಲಲ್ಲ?"

ಅವ್ವನ್ನ ಕೇಳಿದೆ. "ನಿನ್ನ ಮಾತು ಉದ್ದ ಆಗಿತ್ತಪ್ಪ, ಕತ್ರಿ ಹಾಕಿದೆ" ಅಂದ್ಲು.

ಹೊಸಬರಿಗೆ ಆ ಆ್ಯಪ್ ಭಾಳ ಚಲೋ ಐತ್ರಿ. ಅವ್ವಂದಿರ ಕೈಗೆ ಕೊಡೋ ಮುಂದ ಮಾತ್ರ ವಿಚಾರ ಮಾಡ್ರಿ.