ಭೋಂಗಾದೊಳಗಿನ ಬಾಣಂತಿ

ಕಾಫಿ ತೋಟದ ಹೆಣ್ಣಾಳುಗಳಿಗೆ ಹೆರಿಗೆಗೆ ಕೂಲಿಸಮೇತ ರಜ ಕೊಡಿ ಎಂದು ನಾನು ಅರೇಹಳ್ಳಿ ಸಂತೆಯಲ್ಲಿ ವಾರವಾರವೂ ಕೂಗುತ್ತಿದ್ದ ಕಾಲವದು. ಬಾಣಂತನವೆಂದರೆ ಮೈಗಳ್ಳತನ ಎನ್ನುವ ಧಣಿಗಳ ಕಿವಿಗೆ ಮುಟ್ಟಲೆಂದು, ಬಾಯಿಗಿಟ್ಟು ಕೂಗಲು ಒಂದು ತಗಡಿನ ಭೋಂಗಾ ಮಾಡಿಸಿದ್ದೆ. ಅದು ಗೌರಮ್ಮನ ಹೋಟೆಲಿನ ಮೊಳೆಯಲ್ಲಿ ನೇತಾಡುತ್ತಿತ್ತು. ಜ್ವರ ಬಂದು ಎರಡು ಸಂತೆ ತಪ್ಪಿಸಿ ಹೋದರೆ, ಅದರೊಳಗೊಂದು ಬಿಳಿ ರೇಷ್ಮೆಯ ಗೂಡು. ಕೆರೆದು ತೆಗೆಯಲು ಕೈ ಹಾಕಿದೆ. ನೆಗೆಯುವ ಜೇಡವೊಂದು ಹೊರಬಂದು, ಮುಂಗಾಲೆತ್ತಿ, ದಪ್ಪ ಕಣ್ಣುಗಳಿಂದ ನನ್ನನ್ನೇ ದುರುಗುಟ್ಟಿ ನೋಡಿತು.

“ಮುಟ್ಬೇಡ ಕಣಪ್ಪ! ಮೊಟ್ಟೆ ಕಾಯ್ತಾವ್ಳೆ,” ಎಂದಳು ಗೌರಮ್ಮ.

“ಅಲ್ಲಿ ಜನ ಕಾಯ್ತಾವ್ರೆ ಕಣವ್ವ. ಬರಿ ಗಂಟಲಲ್ಲಿ ಕಿರುಚ್ಲಾ?”

“ಕಿರುಚು. ನಾನು ಹೆತ್ತ ಹನ್ನೊಂದನೇ ದಿನಕ್ಕೇ ತೋಟಕ್ಕೆ ಹೋದೋಳು. ಬಾಣಂತೀನ ಎಬ್ಬಿಸ್ಬೇಡಿ ಅಂತ ಧಣಿಗಳಿಗೆ ಹೇಳೋನು, ನೀನೇ ಎಬ್ಬಿಸ್ತೀಯಾ?”

ಭೋಂಗಾವನ್ನು ಮೊಳೆಯಲ್ಲೇ ಬಿಟ್ಟು ಹೋದೆ. ಬರಿ ಗಂಟಲಲ್ಲೇ ಕಿರುಚಿದೆ. ಸರಿಯಾಗಿ ಕೇಳಿಸದೆ ಹೆಂಗಸರೆಲ್ಲ ಹತ್ತಿರ ಬಂದು ನಿಂತರು. ಅಷ್ಟು ಹತ್ತಿರ ಅವರು ಹಿಂದೆಂದೂ ಬಂದಿರಲಿಲ್ಲ.

ಮುಂದಿನ ಸಂತೆಗೆ ಮೊಟ್ಟೆಯೊಡೆದಿತ್ತು. ಮರಿಗಳು ಗೂಡಿನೊಳಗೇ ಒಂದು ಪೊರೆ ಕಳಚುವ ತನಕ ತಾಯಿ ಕದಲಲಿಲ್ಲ. ಅದರಾಚೆಯ ಸಂತೆಯಂದು ರಾಗಿಕಾಳಿನಷ್ಟಿದ್ದ ಮರಿಗಳು ಭೋಂಗಾದ ಅಂಚಿಗೆ ಬಂದು ಒಂದೊಂದಾಗಿ ನೆಗೆದವು. ಒಂದು ನೇರ ನನ್ನ ಮೀಸೆಗೇ ಬಂತು. ನಾನು ಉಸಿರು ಬಿಗಿಹಿಡಿದು ನಿಂತೆ. ಗೌರಮ್ಮ ನಕ್ಕು ನಕ್ಕು ಕಾಫಿ ಚೆಲ್ಲಿದಳು.

ಧಣಿಗಳು ಆಗಲೂ ಜಗ್ಗಿರಲಿಲ್ಲ. ಹಾಗಾಗಿ ಆ ಸೀಮೆಯಲ್ಲಿ ಹೆರಿಗೆ ರಜ ಮೊದಲು ಕೊಟ್ಟವನು ನಾನೇ. ಅದೂ ಬೈಸಿಕೊಂಡ ಮೇಲೆ.