ಕೆಮ್ಮಿನ ಜಾಗಕ್ಕೆ ಬಂದ ಏಳನೇ ಸಾಲು

ಚಳಿ ಕಾಲು ಕೀಳುತ್ತಿರುವ ದಿನಗಳು. ಕೆರೆಯ ನೀರು ದಂಡೆಯಿಂದ ಹತ್ತು ಹೆಜ್ಜೆ ಹಿಂದೆ ಸರಿದಿದೆ. ಆ ಹತ್ತು ಹೆಜ್ಜೆಯ ಕೆಸರಿನಲ್ಲಿ ಜೊಂಡು ಆಳೆತ್ತರ ಬಲಿತು ನಿಂತಿದೆ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೊಣಕಾಲಿನ ತನಕ ಬಟ್ಟೆ ಎತ್ತಿ ಕಟ್ಟಿದ ಹೆಂಗಸೊಬ್ಬರು ಕುಡುಗೋಲು ಹಿಡಿದು ನೀರಿಗಿಳಿದಿದ್ದಾರೆ. ಬುಡದಿಂದ ಒಂದು ಗೇಣು ಬಿಟ್ಟು ಕೊಯ್ಯುತ್ತಾರೆ, ಕೊಯ್ದದ್ದನ್ನು ಮಗುವಿನಂತೆ ಎಡತೋಳಿನ ಮೇಲೆ ಮಲಗಿಸಿಕೊಳ್ಳುತ್ತಾರೆ. ಕೈ ಎಳೆದಾಗಲೆಲ್ಲ ಸೊಂಟದ ಬೀಗದ ಕೈಗೊಂಚಲು ಝಣ್ ಎನ್ನುತ್ತದೆ.

"ಬುಡಕ್ಕೇ ಕೊಯ್ದರೆ ಮುಂದಿನ ವರ್ಷ ಚಿಗುರಲ್ಲ. ಮೇಲೆ ಕೊಯ್ದರೆ ಚಾಪೆಗೆ ಉದ್ದ ಬರಲ್ಲ. ಒಂದು ಗೇಣು ಅದಕ್ಕಿರಲಿ, ಮಿಕ್ಕಿದ್ದು ನಮಗೆ" ಎನ್ನುತ್ತಾರೆ. ಕಂತೆ ಬಿಗಿಯುತ್ತಾ, "ಇವತ್ತಿಂದು ಸಾಲ ತೀರಿಸೋ ಜೊಂಡು" ಎಂದು ತಮ್ಮಷ್ಟಕ್ಕೆ ನಗುತ್ತಾರೆ. ಯಾರ ಸಾಲ ಎಂದು ಕೇಳಿದರೆ, "ಅದು ದೊಡ್ಡ ಕತೆ. ಮೊದಲು ಈ ಹೊರೆಗೊಂದು ಕೈ ಕೊಡಿ" ಎನ್ನುತ್ತಾರೆ.

ಇವರು ಬೀಗದಕ್ಕ. ವಯಸ್ಸು ಐವತ್ತನಾಲ್ಕು. ಪಟ್ಟಣದ ಸಭಾಭವನದಲ್ಲಿ ಇಪ್ಪತ್ತೆರಡು ವರ್ಷದಿಂದ ಕಸ ಗುಡಿಸುವ ಕೆಲಸ. ಹನ್ನೊಂದು ಬಾಗಿಲು ತೆರೆಯಬೇಕು, ಇನ್ನೂರ ನಲವತ್ತು ಕುರ್ಚಿ ಒರೆಸಬೇಕು, ಸಭೆ ಮುಗಿದ ಮೇಲೆ ಮತ್ತೆ ಅಷ್ಟೂ ಪೇರಿಸಿಡಬೇಕು. ಕೆರೆಯಿಂದ ಭವನಕ್ಕೆ ಮೂರು ಕಿಲೋಮೀಟರು. ಹೊರೆ ಹೊತ್ತು ಏಳು ಗಂಟೆಯ ಒಳಗೆ ಅಲ್ಲಿರುತ್ತಾರೆ. "ಊರಿನ ಹನ್ನೊಂದು ಬಾಗಿಲು ಕಾಯ್ತಾಳೆ. ನಮ್ಮನೆ ಬಾಗಿಲು ಮಾತ್ರ ನನ್ನ ತಲೆಗೆ ಕಟ್ಟಿದಾಳೆ" ಎಂದು ದರ್ಜಿ ಕೆಲಸದ ಗಂಡ ಹೊಲಿಗೆ ಯಂತ್ರದಿಂದ ತಲೆ ಎತ್ತದೆ ಗೊಣಗುತ್ತಾರೆ. ಗೊಣಗುವ ಅದೇ ಮನುಷ್ಯ ಹೆಂಡತಿಯ ಜೊಂಡು ಒಣಗಲೆಂದು ತನ್ನ ಅಂಗಡಿಯ ಇಡೀ ಚಾವಣಿಯನ್ನು ಬಿಟ್ಟುಕೊಟ್ಟಿದ್ದಾರೆ.

ಪಟ್ಟಣ ಹುಟ್ಟುವ ಮೊದಲೇ ಈ ಕೆರೆಯಂಚಿನಲ್ಲಿ ಬದುಕಿದ ಮೂಲನಿವಾಸಿ ಜನ ಇವರದು. ಕೆರೆಯ ಒಂದು ಮಗ್ಗುಲಿಗೆ ಮಣ್ಣು ತುಂಬಿ ಬೀದಿಗಳಾದಾಗ ಮನೆಗಳು ಚದುರಿದವು. ಮನೆಗಳ ಹಿಂದೆಯೇ ಮಾತು ಚದುರಿತು. "ಶಾಲೇಲಿ ನಮ್ಮ ಮಾತು ಬಾಯಿಗೆ ಬಂದರೆ ಬೆಂಚಿನ ಮೇಲೆ ನಿಲ್ಲಿಸೋರು. ಆರು ತಿಂಗಳು ನಿಂತೆ. ಆಮೇಲೆ ಬಾಯಿ ತಾನಾಗೇ ಕಲಿತುಕೊಳ್ತು, ಆ ಕಡೆ ಹೋಗಬಾರದು ಅಂತ."

ಆ ಕಡೆ ಮತ್ತೆ ಹೋದದ್ದು ನಲವತ್ತಾರನೇ ವಯಸ್ಸಿಗೆ. ತೀರಿಕೊಂಡ ತಾಯಿಯ ಪೆಟ್ಟಿಗೆಯ ತಳದಲ್ಲಿ ಒಂದು ಕ್ಯಾಸೆಟ್ ಸಿಕ್ಕಿತು. ಅದರಲ್ಲಿ ತಾಯಿ ಚಾಪೆಯ ಹಾಡು ಹೇಳಿದ್ದರು. ಈ ಜನಕ್ಕೆ ಚಾಪೆಯ ಲೆಕ್ಕ ಕಾಗದದ ಮೇಲಿಲ್ಲ, ಹಾಡಿನಲ್ಲಿದೆ. ಎಷ್ಟು ಎಳೆ ಮೇಲೆ, ಎಷ್ಟು ಕೆಳಗೆ, ಎಲ್ಲಿ ತಿರುವು ಎನ್ನುವುದನ್ನು ಒಂದೊಂದು ಸಾಲು ಹೇಳುತ್ತದೆ, ಬಾಯಿ ಹೇಳಿದಂತೆ ಕೈ ನಡೆಯುತ್ತದೆ. ಬೀಗದಕ್ಕ ಭವನದ ಮ್ಯಾನೇಜರ ಬಳಿ ಭಾನುವಾರ ಹಾಡಿ ಹೆಣೆಯುವುದಕ್ಕೆಂದು ಹಿಂದಿನ ಕೋಣೆಯನ್ನು ಕೇಳಿದರು.

"ಅಲ್ಲಿ ಬರೀ ಮುರಿದ ಕುರ್ಚಿ ಇದಾವಲ್ಲಮ್ಮ, ಯಾರು ಬಂದು ಕೂರ್ತಾರೆ?" ಎಂದರು ಮ್ಯಾನೇಜರು.

"ನಾವು ಕುರ್ಚಿ ಮೇಲೆ ಕೂರೋ ಜನ ಅಲ್ಲ ಬಿಡಿ, ಸರ್."

ಮೊದಲ ಭಾನುವಾರ ನಾಲ್ಕು ಜನ. ಎಂಟು ವರ್ಷದ ನಂತರ ಈಗ ಎಪ್ಪತ್ತು ದಾಟಿದೆ. ಕೋಣೆಯ ಒಂದು ಗೋಡೆಗೆ ಕಪಾಟು ಬಂದಿದೆ. ಅದರಲ್ಲಿ ಟೇಪ್ ರೆಕಾರ್ಡರು, ಮನೆಮನೆ ಅಲೆದು ತುಂಬಿಸಿದ ಮೂವತ್ತೆಂಟು ಕ್ಯಾಸೆಟ್ಟು, ಜೊಂಡು ಸೀಳುವ ಚೂರಿಗಳು, ತಮ್ಮ ನುಡಿಯ ಸಾವಿರದ ಮುನ್ನೂರು ಪದಗಳನ್ನು ಅರ್ಥಸಹಿತ ಬರೆದಿಟ್ಟ ಏಳು ನೋಟ್‌ಬುಕ್ಕುಗಳು. ಯಾರು ಏನನ್ನು ಬೇಕಾದರೂ ಮನೆಗೊಯ್ಯಬಹುದು, ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆದರೆ ಸಾಕು. ಕಪಾಟಿಗೆ ಬೀಗವಿಲ್ಲ. "ಬೀಗ ಹಾಕಿ ಹಾಕಿ ಸಾಕಾಗಿದೆ ನನಗೆ" ಎನ್ನುತ್ತಾರೆ ಬೀಗದಕ್ಕ.

ಆದರೆ ಒಂದು ಕೊರತೆ ಎಂಟು ವರ್ಷ ಕಾಡಿತು. ಮೂಲೆ ಮುಚ್ಚುವ ಹಾಡಿಗೆ ಒಂಬತ್ತು ಸಾಲು. ಏಳನೇ ಸಾಲು ಹೇಳುವಾಗ ತಾಯಿಗೆ ಕೆಮ್ಮು ಬಂದಿದೆ. ಕ್ಯಾಸೆಟ್ಟಿನಲ್ಲಿ ಆ ಸಾಲಿಲ್ಲ, ಕೆಮ್ಮಷ್ಟೇ ಇದೆ. ಕೇಳಿ ಕಲಿತವರು ಕೆಮ್ಮನ್ನೂ ಹಾಡಿನ ಭಾಗವೆಂದೇ ಕಲಿತರು. ಏಳನೇ ಸಾಲು ಬಂತೆಂದರೆ ಇಡೀ ಕೋಣೆ ಒಟ್ಟಿಗೆ ಎರಡು ಸಲ ಕೆಮ್ಮಿ ಎಂಟನೆಯದಕ್ಕೆ ಹೋಗುತ್ತಿತ್ತು! ಹೆಣೆದ ಚಾಪೆಗಳ ಮೂಲೆ ಮೂರು ತಿಂಗಳಿಗೆ ಬಿಚ್ಚಿಕೊಳ್ಳುತ್ತಿತ್ತು. ಸಣ್ಣ ಚಾಪೆಗಾದರೆ ದಾರದ ಹೊಲಿಗೆ ಹಾಕಬಹುದು. ಹಿಂದೆ ಇಡೀ ಜನ ಒಂದೇ ಚಾಪೆಯ ಮೇಲೆ ಕೂರುತ್ತಿದ್ದರಂತೆ. ಅಂಥ ದೊಡ್ಡ ಚಾಪೆ ಹೆಣೆದು ನಲವತ್ತು ವರ್ಷವಾಗಿತ್ತು. ಅದರ ಎಳೆತ ತಡೆಯಬೇಕಾದ್ದೇ ಮೂಲೆ.

ಆ ಸಾಲು ಬಲ್ಲವರು ಒಬ್ಬರೇ ಉಳಿದಿದ್ದರು. ತಾಯಿಗೆ ಹಾಡು ಕಲಿಸಿದ, ಬೀಗದಕ್ಕನ ಸೋದರತ್ತೆ, ಪಟ್ಟಣದ ಆಚೆ ತುದಿಯಲ್ಲಿ, ಎಂಬತ್ತೊಂದು ವರ್ಷದವರು. ಅವರ ಜೊತೆಗೆ ಆ ಸಾಲೂ ಹೋದರೆ ದೊಡ್ಡ ಚಾಪೆ ಇನ್ನು ಎಂದಿಗೂ ಇಲ್ಲ. ಆದರೆ ಅತ್ತೆಗೂ ಈ ಮನೆಗೂ ಮಾತಿಲ್ಲ. ಕಲಿತವರು ತಾವು ಹೆಣೆದ ಮೊದಲ ಚಾಪೆಯನ್ನು ಕಲಿಸಿದವರಿಗೆ ಕೊಡಬೇಕೆನ್ನುವುದು ಈ ಜನರ ಕಟ್ಟುಪಾಡು. ತಾಯಿ ಕೊಡಲಿಲ್ಲ. ಆ ಚಾಪೆಯ ಮೇಲೆ ಎಳೆಗೂಸು ಬೀಗದಕ್ಕ ಜ್ವರದಲ್ಲಿ ಹದಿನೇಳು ದಿನ ಮಲಗಿದ್ದರು. ಮಲಗಿ ಎದ್ದ ಚಾಪೆಯನ್ನು ಹೇಗೆ ಕೊಡುವುದೆಂದು ತಾಯಿ ನಾಚಿಕೊಂಡರು, ಅತ್ತೆ ಅದನ್ನು ಕೊಬ್ಬು ಎಂದುಕೊಂಡರು.

ಹೋದ ಮಳೆಗಾಲ ಮುಗಿದ ಮೇಲೆ ಬೀಗದಕ್ಕ ಗಟ್ಟಿ ಮನಸ್ಸು ಮಾಡಿ, ತಾವೇ ಹೆಣೆದ ಚಾಪೆಯನ್ನು ಕಂಕುಳಲ್ಲಿಟ್ಟುಕೊಂಡು ಬಸ್ಸು ಹತ್ತಿದರು. ಅತ್ತೆ ಬಾಗಿಲಲ್ಲೇ ಚಾಪೆ ಕಿತ್ತುಕೊಂಡರು. ಚಾಪೆ ಬಿಡಿಸಿ ಮೂಲೆಯನ್ನು ಹೆಬ್ಬೆರಳಲ್ಲಿ ಒತ್ತಿದರು. ಮೂಲೆ ಬಾಯಿ ಬಿಟ್ಟಿತು.

"ಇದೇನೇ ಇದು, ಚಾಪೆನೋ ಬಲೆನೋ? ಇದನ್ನ ನಿಮ್ಮಮ್ಮನ ಸಾಲಕ್ಕೆ ತಂದ್ಯಾ? ತಗೊಂಡು ನಡಿ!"

"ಅಮ್ಮ ಹೀಗೇ ಹೇಳ್ಕೊಟ್ಟಿದಾಳೆ, ಅತ್ತೆ."

"ನಾನು ಕಲಿಸಿದೋಳು ಹೀಗೆ ಹೇಳ್ಕೊಡಲ್ಲ. ಎಲ್ಲಿ, ಯಾರ್ಯಾರು ಹೆಣೀತೀರಿ? ನೋಡ್ಬೇಕು ನಾನು, ಮಾನ ಕಳೆಯೋರ ಮುಖಾನ."

ಬೈಯುವುದಕ್ಕೆಂದೇ ಅತ್ತೆ ಭಾನುವಾರ ಬಂದರು. ಬಾಗಿಲಲ್ಲಿ ಕೋಲೂರಿ ನಿಂತರು. ಒಳಗೆ ಅರವತ್ತು ಜನ ಹಾಡುತ್ತಿದ್ದರು. ಆರನೇ ಸಾಲು ಮುಗಿಯಿತು. ಅರವತ್ತೂ ಜನ ಭಕ್ತಿಯಿಂದ ಎರಡು ಸಲ ಕೆಮ್ಮಿದರು.

"ಮೊದಲು ಅತ್ತೆಗೆ ಅರ್ಥ ಆಗಲಿಲ್ಲ. ಇನ್ನೊಂದು ಸಲ ಹಾಡಿ ಅಂದ್ರು. ಹಾಡಿದ್ವಿ, ಕೆಮ್ಮಿದ್ವಿ. ಆಗ ಕೋಲು ಬಿಟ್ಟು ನೆಲಕ್ಕೆ ಕೂತ್ರು ನೋಡಿ, ನಗು ಅಂದ್ರೆ ನಗು, ಕಣ್ಣಲ್ಲಿ ನೀರು. ಆಮೇಲೆ ಆ ನೀರು ನಗುವಿನದ್ದಾಗಿ ಉಳೀಲಿಲ್ಲ. 'ಇದು ಅವಳದೇ ಕೆಮ್ಮು ಕಣೇ' ಅಂದ್ರು." ಇದನ್ನು ಹೇಳುವಾಗ ಬೀಗದಕ್ಕ ಕುರ್ಚಿ ಒರೆಸುವ ಬಟ್ಟೆಯನ್ನು ಸುಮ್ಮನೆ ಮಡಚುತ್ತಾರೆ, ಬಿಚ್ಚುತ್ತಾರೆ.

ಕಣ್ಣೊರೆಸಿಕೊಂಡು ಅತ್ತೆ ಏಳನೇ ಸಾಲು ಹಾಡಿದರು. ಅದರ ಅರ್ಥ ಇಷ್ಟೇ: ತಿರುಗಿ ಬಾ, ನೀನು ಹೊರಟ ಎಳೆಯ ಕೆಳಗೇ ತೂರಿಕೋ. ಒಂದೇ ಒಂದು ತಿರುವು. ಅಂದಿನಿಂದ ಹದಿನಾಲ್ಕು ಭಾನುವಾರ, ತೊಂಬತ್ತಾರು ಕಂತೆ ಜೊಂಡು. ಎರಡು ವಾರದ ಹಿಂದೆ ದೊಡ್ಡ ಚಾಪೆಯ ನಾಲ್ಕೂ ಮೂಲೆ ಮುಚ್ಚಿದವು. ಹಿಂದಿನ ಕೋಣೆ ಅದಕ್ಕೆ ಸಾಲಲಿಲ್ಲ. ಮ್ಯಾನೇಜರೇ ಮುಂದೆ ನಿಂತು ದೊಡ್ಡ ಸಭಾಂಗಣದ ಇನ್ನೂರ ನಲವತ್ತು ಕುರ್ಚಿ ಹೊರಗೆ ಹಾಕಿಸಿದರು. ಎಪ್ಪತ್ತಮೂರು ಜನ ಒಂದೇ ಚಾಪೆಯ ಮೇಲೆ ಕೂತರು. ಮೂಲೆಗೊಬ್ಬರಂತೆ ನಾಲ್ಕು ಗಟ್ಟಿ ಆಳುಗಳು ಹಿಡಿದು ಜಗ್ಗಿದರು. ಒಂದು ಎಳೆಯೂ ಮಿಸುಕಲಿಲ್ಲ. ಎದ್ದ ಕೇಕೆಗೆ ಬೀದಿಯವರು ಏನಾಯಿತೋ ಎಂದು ಕಿಟಕಿಗೆ ಬಂದರು.

ಅವತ್ತೇ ಬೀಗದಕ್ಕ ಮತ್ತೊಂದು ಸಣ್ಣ ಚಾಪೆಯನ್ನು ಅತ್ತೆಯ ಮುಂದಿಟ್ಟರು. ಅತ್ತೆ ನಾಲ್ಕೂ ಮೂಲೆ ಒತ್ತಿ ನೋಡಿದರು. ಎಲ್ಲರಿಗೂ ಕೇಳುವಂತೆ, "ಇವಳಮ್ಮನ ಸಾಲ ತೀರಿತು" ಎಂದರು. ಐವತ್ತು ವರ್ಷ ದಾಟಿದ ಮುನಿಸು ಅಷ್ಟರಲ್ಲಿ ಮುಗಿಯಿತು. ಬೀಗದಕ್ಕ ಕಾಲಿಗೆ ಬಾಗಿದರೆ ಅತ್ತೆ ಅವರ ಕಿವಿ ಹಿಡಿದು ಮೇಲೆತ್ತಿದರು.

"ಏಳನೇ ಸಾಲು ಯಾರ ಹತ್ತಿರ ಕಲಿತ್ಯೇ ನೀನು?"

"ನಿಮ್ಮ ಹತ್ತಿರ ಅತ್ತೆ."

"ಮತ್ತೆ ಅದರ ಚಾಪೆ ಎಲ್ಲಿ?"

ಅದಕ್ಕೇ ಈ ಬೆಳಗಿನ ಜೊಂಡು. ಅಂಗಡಿಯ ಚಾವಣಿಯ ಮೇಲೆ ಅದನ್ನು ಎಳೆ ಎಳೆಯಾಗಿ ಹರಡುತ್ತಾ ಬೀಗದಕ್ಕ ಬಿಸಿಲು ನೋಡುತ್ತಾರೆ. ಒಣಗಲು ಹತ್ತು ದಿನ, ಹೆಣೆಯಲು ನಾಲ್ಕು ದಿನ. ಬೇಗ ಮುಗಿಸಬಹುದಲ್ಲವೇ ಎಂದರೆ ತಲೆಯಾಡಿಸುತ್ತಾರೆ.

"ಮುಗಿಸ್ತೀನಿ. ಆದ್ರೆ ಅವಸರ ಇಲ್ಲ. ಚಾಪೆ ಎಲ್ಲಿಗೆ ಬಂತು ಅಂತ ಕೇಳೋಕೆ ಅತ್ತೆ ಪ್ರತಿ ಭಾನುವಾರ ಬಸ್ಸು ಹತ್ತಿ ಬರ್ತಿದಾರೆ."