ಡೀನ್ ಕಾಡಿನ ಕೂಳೆ

ನಾನು ಮಂಡ್ಯದ ಕಡೆಯವನು. ಕಬ್ಬು ಕಡಿದ ಮೇಲೆ ಬುಡದಿಂದ ಮತ್ತೆ ಚಿಗುರಿ ಬರುವ ಬೆಳೆಗೆ ಕೂಳೆ ಎನ್ನುತ್ತಾರೆಂದು ಅಕ್ಷರ ಕಲಿಯುವ ಮೊದಲೇ ನನಗೆ ಗೊತ್ತಿತ್ತು. ಆದರೂ ಇಲ್ಲಿ ನೈರೋಬಿಯಲ್ಲಿ, ಹೆಂಡತಿ ತೀರಿಕೊಂಡ ಒಂಬತ್ತನೇ ದಿನ, ಅವಳು ಮಗಳಿಗಾಗಿ ಬಿಟ್ಟುಹೋಗಿದ್ದ ಮರದ ಬುಡವನ್ನು ನಾನೇ ನಿಂತು ಬೇರುಸಮೇತ ಕೀಳಿಸಿದೆ.

ಅವಳದು ಕಾಡುಗಳ ಚರಿತ್ರೆಯ ಓದು. ಮದುವೆಗೆ ಮೊದಲು ಎರಡು ವರ್ಷ ಇಂಗ್ಲೆಂಡಿನ ಪಶ್ಚಿಮದಲ್ಲಿರುವ ಡೀನ್ ಎಂಬ ಕಾಡಿನ ಅಂಚಿನ ಹಳ್ಳಿಯಲ್ಲಿದ್ದು, ಅಲ್ಲಿ ಇದ್ದಿಲು ಸುಡುತ್ತಿದ್ದವರ, ಗಣಿ ತೋಡುವವರ, ಕುರಿ ಮೇಯಿಸುವವರ ಹಳೆಯ ಹಕ್ಕುಗಳ ಬಗ್ಗೆ ಬರೆದಿದ್ದಳು. ನಾನು ಔಷಧಿ ಕಾರ್ಖಾನೆಯ ಮ್ಯಾನೇಜರ್. ನೆಲದ ಮೇಲೆ ಕಸ ಕಂಡರೆ ಸಾಕು, ಮೂಗಿನ ತುದಿಯಲ್ಲಿ ಕೋಪ. ಊಟಕ್ಕೆ ಕೂತಾಗ ಅವಳು ಡೀನ್ ಕಾಡಿನ ವಿಷಯ ತೆಗೆದರೆ ಫೋನ್ ನೋಡುತ್ತ ಹ್ಞೂಂಗುಟ್ಟುತ್ತಿದ್ದೆ.

"ಕಬ್ಬಿಣ ಕರಗಿಸೋಕೆ ಅಷ್ಟೊಂದು ಇದ್ದಿಲು ಅದೇ ಕಾಡಿಂದ ಹೋಗೋದು ಕಣ್ರೀ. ಆದ್ರೂ ಕಾಡು ಉಳೀತು. ಯಾಕೆ ಹೇಳಿ? ಬುಡ ಬಿಟ್ಟು ಕಡಿಯೋರು. ಚಿಗುರು ಜಿಂಕೆ ಪಾಲಾಗ್ದೇ ಇರ್ಲಿ ಅಂತ ಸುತ್ತ ಬೇಲಿ ಹಾಕೋರು. ತಾತ ಕಡಿದ ಬುಡದಲ್ಲೇ ಮೊಮ್ಮಗನೂ ಕಡಿಯೋನು. ನಿಮ್ಮೂರ ಕೂಳೆ ಕಬ್ಬಿನ ಥರಾನೇ!"

"ಹ್ಞೂಂ, ಸಾರು ಹಾಕು," ಎಂದಿದ್ದೆ.

ಪಾರ್ಕ್‌ಲ್ಯಾಂಡ್ಸ್‌ನ ನಮ್ಮ ಬಾಡಿಗೆ ಮನೆಯ ಅಂಗಳದಲ್ಲಿ, ಮಗಳು ಹುಟ್ಟಿದ ವರ್ಷ ಅವಳು ಈ ಸೀಮೆಯದೇ ಹಳದಿ ಹೂವಿನ ಮರವೊಂದನ್ನು ನೆಟ್ಟಿದ್ದಳು. ಮಗಳಿಗೆ ಒಂಬತ್ತು ತುಂಬಿತು. ಹೆಂಡತಿಯ ಕಾಯಿಲೆಗೆ ಇನ್ನು ಔಷಧಿ ನಾಟುವುದಿಲ್ಲ ಎಂದು ಡಾಕ್ಟರು ಹೇಳಿದ ವಾರ, ಗೇಣುದ್ದ ಬುಡ ಬಿಟ್ಟು ಆ ಮರವನ್ನು ಕಡಿಸಿದಳು. ಸುತ್ತ ಕಡ್ಡಿಗಳ ಬೇಲಿ ಕಟ್ಟಿಸಿದಳು. ಸಂಜೆ ಮನೆಗೆ ಬಂದ ನಾನು ಹಾರಾಡಿದೆ.

"ನಿನಗೇನು ತಲೆ ಕೆಟ್ಟಿದ್ಯಾ? ಮಗಳ ಮರ ಅದು!"

"ಸ್ವಲ್ಪ ಕಾಯಿರಿ," ಎಂದು ನಕ್ಕಳು.

ಕಾಯುವುದು ನನ್ನ ಜಾಯಮಾನದಲ್ಲಿಲ್ಲ. ಎಂಟು ವಾರಕ್ಕೆ ಅವಳೇ ಹೊರಟುಹೋದಳು.

ಹನ್ನೊಂದನೇ ದಿನದ ಕಾರ್ಯಕ್ಕೆ ಅಂಗಳದಲ್ಲಿ ಶಾಮಿಯಾನ ಹಾಕಿಸಬೇಕಿತ್ತು. ಇಲ್ಲಿನ ಕನ್ನಡದವರು, ಕರೆನ್, ರುಂಡಾ ಬಡಾವಣೆಗಳಿಂದ ಅವಳ ಆಫೀಸಿನವರು ಬರುವವರಿದ್ದರು. ನಟ್ಟನಡುವೆ ಆ ಮೋಟು. ಸತ್ತ ಮನೆಯಲ್ಲಿ ಸತ್ತ ಮರ ಬೇರೆ ಎಂದು ಎದೆ ಉರಿಯಿತು. ಕಿತ್ತುಹಾಕು ಎಂದೆ.

ತೋಟದ ಕೆಲಸದ ಮುದುಕ ಹಾರೆ ಹಿಡಿದು ನಿಂತೇ ಇದ್ದ. "ಮಾಮಾ ಅಲಿಸೆಮಾ ಹಪಾನಾ," ಎಂದ. ಅಮ್ಮ ಬೇಡ ಎಂದಿದ್ದಾರೆ ಎಂದು. ಮೈಗಳ್ಳತನ ಎಂದುಕೊಂಡು ರೇಗಿದೆ. ಅವನು ಅಗೆಯತೊಡಗಿದ. ಬೇರುಗಳು ಸುಲಭಕ್ಕೆ ಬಿಡಲಿಲ್ಲ, ಅರ್ಧ ದಿನ ಹಿಡಿಯಿತು. ಕೊನೆಗೆ ಬುಡವನ್ನು ಮಗುಚಿ, ಮಣ್ಣು ಮೆತ್ತಿದ ಬೆರಳಿನಿಂದ ತೊಗಟೆಯ ಒಂದು ಪಕ್ಕ ತೋರಿಸಿದ. ಅಲ್ಲಿ ನಾಲ್ಕು ಹಸಿರು ಮೊಳಕೆಗಳಿದ್ದವು.

ಕೂಳೆ. ಅವಳು ಎಷ್ಟು ಸಲ ಹೇಳಿದ್ದಳು! ಬುಡವನ್ನು ಮತ್ತೆ ಗುಂಡಿಗಿಳಿಸಿ, ಮಣ್ಣು ಮುಚ್ಚಿ, ನೀರು ಹಾಕಿ, ಬೇಲಿಯನ್ನು ನಾನೇ ಮೊದಲಿನಂತೆ ಕಟ್ಟಿದೆ. ಇನ್ನು ಬದುಕದು ಎಂಬಂತೆ ಮುದುಕ ತಲೆಯಾಡಿಸಿದ. ಬೇರುಗಳೆಲ್ಲ ಕತ್ತರಿಸಿಹೋಗಿದ್ದವು. ಶಾಮಿಯಾನವನ್ನು ಗೇಟಿನ ಪಕ್ಕ ಹಾಕಿಸಿದೆ. ಕಾರ್ಯದ ದಿನದ ಹೊತ್ತಿಗೆ ಮೊಳಕೆಗಳು ಕಪ್ಪಾಗಿದ್ದವು.

ಬುಡ ಕೀಳಿಸಿದ ಹೊತ್ತಿನಲ್ಲಿ ಶಾಲೆಯಲ್ಲಿದ್ದ ಮಗಳಿಗೆ ಇದಾವುದೂ ಗೊತ್ತಿಲ್ಲ. ದಿನವೂ ತನ್ನ ಬಾಟಲಿಯಲ್ಲಿ ಅರ್ಧ ನೀರು ಉಳಿಸಿಕೊಂಡು ಬಂದು, ಯೂನಿಫಾರ್ಮ್ ಬಿಚ್ಚುವ ಮೊದಲೇ ಆ ಬುಡಕ್ಕೆ ಸುರಿಯುತ್ತಾಳೆ. ಹಾಗೆ ಮಾಡು ಎಂದು ಅಮ್ಮನೇ ಹೇಳಿಕೊಟ್ಟಿದ್ದಳಂತೆ. ನಾಲ್ಕು ತಿಂಗಳಾಯಿತು. ಕೊಂದದ್ದು ನಾನೇ ಎಂದು ಹೇಳಲು ದಿನವೂ ಬಾಯಿ ತೆರೆಯುತ್ತೇನೆ, ಧೈರ್ಯ ಸಾಲುವುದಿಲ್ಲ.

ಮೊನ್ನೆ ಅವಳು ಬೇಲಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಕೇಳಿದಳು. ಕನ್ನಡ ಅರ್ಥವಾಗುತ್ತದೆ, ಆಡುವುದು ಮಾತ್ರ ಇಂಗ್ಲಿಷು.

"ಅಪ್ಪಾ, ಅಮ್ಮ ಸೆಡ್ ಇಟ್ ವಿಲ್ ಕಮ್ ಬ್ಯಾಕ್. ವೆನ್?"

"ಸ್ವಲ್ಪ ಕಾಯಮ್ಮ," ಎಂದೆ.

ಅವಳು ಸರಿ ಎಂಬಂತೆ ತಲೆಯಾಡಿಸಿ, ಬಾಟಲಿಯಲ್ಲಿ ಉಳಿದಿದ್ದ ನೀರನ್ನು ಪೂರ್ತಿ ಸುರಿದಳು.